ಆಟದ ಫೋಟೋ ಮಸುಕಾಗದ ಹಾಗೆ ತೆಗೆಯಲು ನಾನು ಕಲಿತದ್ದು

ಸೋದರಮಾವನ ಮನೆಯ ಹರಕೆ ಆಟ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನ. ಕುಂದಾಪುರದ ಹತ್ತಿರ, ಕೊಯ್ಲು ಮುಗಿದ ಗದ್ದೆಯಲ್ಲಿ ರಂಗಸ್ಥಳ ಎದ್ದಿತ್ತು. ಫೋಟೋ ತೆಗೆಯುವವನು ಬರುವುದಿಲ್ಲ ಎಂದು ಸಂಜೆ ಹೊತ್ತಿಗೆ ಗೊತ್ತಾಯಿತು. "ನಿನ್ನ ಹತ್ರ ಕ್ಯಾಮೆರಾ ಇತ್ತಲ್ಲ ಮಾಣಿ, ನೀನೇ ತೆಗಿ" ಅಂದರು ಮಾವ. ನನ್ನ ಹತ್ತಿರ ಇದ್ದದ್ದು ಅಂಗಿ ಜೇಬಿಗೆ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾ. ಐದು ಪಟ್ಟು ಜೂಮ್. ಜೊತೆಗೆ ಒಂದು ಫೋನ್. ಬೆಳಗಿನ ತನಕ ಕೂತು 214 ಫೋಟೋ ತೆಗೆದೆ.

ಮರುದಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ, ಮರ್ಯಾದೆಯಾಗಿ ತೋರಿಸಬಹುದಾದದ್ದು 11. ಉಳಿದದ್ದೆಲ್ಲ ಮಸುಕು. ಮಾವ ಹಿಂದಿನಿಂದ ಬಗ್ಗಿ ನೋಡಿ, "ಎಂತ ಮಾಣಿ ಇದು, ವೇಷ ಎಲ್ಲ ಮಂಜಿನೊಳಗೆ ಕುಣಿದ ಹಾಂಗೆ ಉಂಟಲ್ಲ?" ಅಂದರು. ತಮಾಷೆಗೇ ಅಂದದ್ದು. ಆದರೂ ಹರಕೆ ಆಟ ಎಂದರೆ ಮನೆಯವರು ವರ್ಷಗಟ್ಟಲೆ ಕಾದು ಆಡಿಸುವುದು. ಇನ್ನೊಮ್ಮೆ ತೆಗೆಯುತ್ತೇನೆ ಅನ್ನುವ ಹಾಗಿಲ್ಲ.

ಆ 203 ಹಾಳು ಫೋಟೋಗಳನ್ನು ನಾನು ಅಳಿಸಲಿಲ್ಲ. ಒಂದು ವಾರ ರಾತ್ರಿ ಊಟವಾದ ಮೇಲೆ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಆಗ ಗೊತ್ತಾಯಿತು, ಎಲ್ಲ ಮಸುಕೂ ಒಂದೇ ಜಾತಿಯದಲ್ಲ.

ಒಂದು ಫೋಟೋದಲ್ಲಿ ರಂಗಸ್ಥಳದ ಸುತ್ತ ಕಟ್ಟಿದ್ದ ಸೀರಿಯಲ್ ಸೆಟ್ ದೀಪಗಳಿದ್ದವು. ಚುಕ್ಕಿಯ ಹಾಗೆ ಇರಬೇಕಾದ ಪ್ರತಿ ದೀಪವೂ ಅಲ್ಪವಿರಾಮದ ಹಾಗೆ ಬಾಲ ಬಿಟ್ಟಿತ್ತು. ಎಲ್ಲದರ ಬಾಲವೂ ಒಂದೇ ದಿಕ್ಕಿಗೆ, ಎಡಗಡೆ ಕೆಳಕ್ಕೆ. ಅಷ್ಟೂ ದೀಪ ಒಟ್ಟಿಗೆ ಓಡಾಡಲು ಸಾಧ್ಯವಿಲ್ಲ, ಅಲ್ವಾ? ಅಲುಗಿದ್ದು ನನ್ನ ಕೈ. ಬಟನ್ ಒತ್ತುವಾಗ ಕ್ಯಾಮೆರಾವನ್ನೇ ದಬ್ಬಿದ್ದೆ. ಇನ್ನೊಂದರಲ್ಲಿ ಹಿಂದಿನ ಪರದೆಯ ಅಂಚು, ಭಾಗವತರ ಮುಂಡಾಸು ಎಲ್ಲ ಗೆರೆ ಎಳೆದ ಹಾಗೆ ಸ್ಪಷ್ಟ. ವೇಷಧಾರಿಯ ಕೈ ಮಾತ್ರ ಬಿಳಿ ಹೊಗೆ. ಅಲ್ಲಿ ನನ್ನ ತಪ್ಪು ಕೈಯದಲ್ಲ, ಶಟರ್ ನಿಧಾನ, ಅಂದರೆ ಬೆಳಕು ಒಳಬಿಡುವ ಬಾಗಿಲು ಜಾಸ್ತಿ ಹೊತ್ತು ತೆರೆದಿತ್ತು. ಮೂರನೆಯದರಲ್ಲಿ ನನ್ನ ಮುಂದೆ ಕೂತಿದ್ದವರ ಕೂದಲು ಎಳೆ ಎಳೆಯಾಗಿ ಕಾಣುತ್ತಿದೆ, ವೇಷ ಮಸುಕು. ಅದು ಫೋಕಸ್ ತಪ್ಪಿದ್ದು. ಇನ್ನು ನಡುರಾತ್ರಿಯ ಮೇಲೆ ಫೋನಿನಲ್ಲಿ ತೆಗೆದ ಮೂವತ್ತಕ್ಕೂ ಜಾಸ್ತಿ ಫೋಟೋಗಳಲ್ಲಿ ಪ್ರತಿ ಬಲ್ಬಿನ ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು ಹರಡಿತ್ತು. ಅದಕ್ಕೆ ಕಾರಣ ಗೋಳಿಬಜೆ. ತಿಂದ ಕೈಯಲ್ಲೇ ಫೋನ್ ಹಿಡಿದಿದ್ದೆ, ಲೆನ್ಸಿನ ಮೇಲೆ ಎಣ್ಣೆ ಬೆರಳು ಕೂತಿತ್ತು.

ರೋಗ ನಾಲ್ಕು. ನಾನು ಅಷ್ಟು ದಿನ ಎಲ್ಲದಕ್ಕೂ ಒಂದೇ ಮದ್ದು ಕೊಡುತ್ತಿದ್ದೆ, "ಕೈ ಗಟ್ಟಿ ಹಿಡಿ" ಅಂತ.

ಎಣ್ಣೆ ಬೆರಳಿನದ್ದು ಸುಲಭ. ಈಗ ಫೋನ್ ತೆಗೆದ ಕೂಡಲೇ ಲೆನ್ಸಿಗೆ ಉಫ್ ಎಂದು ಊದಿ ಧೂಳು ಹಾರಿಸಿ, ಆಮೇಲೆ ತೊಳೆದ ಹತ್ತಿ ಬಟ್ಟೆಯಲ್ಲಿ ಒರೆಸುತ್ತೇನೆ. ಊದದೆ ಒರೆಸಿದರೆ ಮರಳಿನ ಕಣ ಗೀರು ಹಾಕಬಹುದು. ನಮ್ಮ ಕರಾವಳಿಯಲ್ಲಿ ಇನ್ನೊಂದು ತಾಪತ್ರಯ ಇದೆ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಹೊರಗಿನ ಸೆಕೆಗೆ ತಣ್ಣಗಿನ ಲೆನ್ಸ್ ಬೆವರುತ್ತದೆ. ಒರೆಸಿದರೆ ಮತ್ತೆ ಬೆವರುತ್ತದೆ. ಹತ್ತು ನಿಮಿಷ ಸುಮ್ನೆ ಬಿಡಬೇಕು, ಬೇರೆ ದಾರಿಯಿಲ್ಲ.

ಕೈ ಅಲುಗುವುದಕ್ಕೆ ನಾನು ಕಂಡುಕೊಂಡ ಒಳ್ಳೆಯ ಉಪಕರಣ ಪ್ಲಾಸ್ಟಿಕ್ ಕುರ್ಚಿ. ಆಟಕ್ಕೆ ಹೇಗೂ ಬಾಡಿಗೆಗೆ ತಂದಿರುತ್ತಾರೆ. ಅದನ್ನು ತಿರುಗಿಸಿ, ಬೆನ್ನಿನ ಕಡೆ ಮುಖ ಮಾಡಿ ಕೂತು, ಎರಡೂ ಮೊಣಕೈಯನ್ನು ಕುರ್ಚಿಯ ಬೆನ್ನಿನ ಮೇಲೆ ಊರಿದರೆ ಅರ್ಧ ಟ್ರೈಪಾಡ್ ಆಯಿತು. ಚಪ್ಪರದ ಕಂಬಕ್ಕೆ ಒರಗಿಯೂ ನೋಡಿದೆ. ಹತ್ತು ಜನ ಒರಗಿದ ಅಡಿಕೆ ಮರದ ಕಂಬ ನನಗಿಂತ ಜಾಸ್ತಿ ಅಲುಗುತ್ತದೆ! ಊರಲು ಏನೂ ಇಲ್ಲದಿದ್ದರೆ ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಟ್ಟು ಮುಗಿಯುವ ಹೊತ್ತಿಗೆ ಕ್ಲಿಕ್. ಫೋನಿನಲ್ಲಿ ಪರದೆಯ ಮೇಲಿನ ಬಟನ್ ಕುಟ್ಟುವ ಬದಲು ಪಕ್ಕದ ವಾಲ್ಯೂಮ್ ಬಟನ್ ಮೆತ್ತಗೆ ಒತ್ತುತ್ತೇನೆ. ದೀಪಾಲಂಕಾರ, ದೇವಸ್ಥಾನದ ಗೋಪುರ ಇಂಥ ಅಲುಗದ ವಸ್ತುಗಳಿಗೆ ಕ್ಯಾಮೆರಾವನ್ನು ಎಲ್ಲಾದರೂ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರೆ ಬಟನ್ ಒತ್ತಿದ ಅದುರು ಅಷ್ಟರಲ್ಲಿ ನಿಂತಿರುತ್ತದೆ.

ಜೂಮ್ ಬಗ್ಗೆ ನನಗೆ ಸಿಟ್ಟೇ ಇದೆ. ಹಿಂದಿನ ಸಾಲಿನಲ್ಲಿ ಆರಾಮವಾಗಿ ಕೂತು ಐದು ಪಟ್ಟು ಎಳೆದು ತೆಗೆದಿದ್ದೆನಲ್ಲ, ಅಲ್ಲೇ ಎಡವಿದ್ದು. ಚಿತ್ರ ಐದು ಪಟ್ಟು ಹತ್ತಿರ ಬಂದಾಗ ಕೈಯ ನಡುಕವೂ ಐದು ಪಟ್ಟು ದೊಡ್ಡದಾಗುತ್ತದೆ. ಸಾಲದ್ದಕ್ಕೆ, ಇಂಥ ಚಿಕ್ಕ ಕ್ಯಾಮೆರಾಗಳ ಲೆನ್ಸ್ ಜೂಮ್ ಮಾಡಿದಷ್ಟೂ ಒಳಗೆ ಕಡಿಮೆ ಬೆಳಕು ಬಿಡುತ್ತದೆ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ ಎಫ್, ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಕಿರಿದು. ನನ್ನದು ಜೂಮ್ ಮಾಡದಿದ್ದಾಗ ಎಫ್ 2.8, ಪೂರ್ತಿ ಎಳೆದರೆ ಎಫ್ 5.9. ಅಂದರೆ ಬೆಳಕು ಕಾಲು ಭಾಗಕ್ಕಿಂತಲೂ ಕಡಿಮೆ. ಅದನ್ನು ತುಂಬಿಸಲು ಕ್ಯಾಮೆರಾ ಶಟರನ್ನು ನಾಲ್ಕು ಪಟ್ಟಿಗಿಂತಲೂ ಜಾಸ್ತಿ ಹೊತ್ತು ತೆರೆದಿಡಬೇಕಾಗುತ್ತದೆ. ಈಗ ನಾನು ಮಕ್ಕಳ ಜೊತೆ ಚಾಪೆಯ ಮೇಲೆ, ರಂಗಸ್ಥಳದ ಬುಡದಲ್ಲಿ ಕೂರುತ್ತೇನೆ. ಮಂಡಿ ನೋವು ಬರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ.

ಫ್ಲ್ಯಾಶ್ ಹಾಕಿದರೆ ಆಗುವುದಿಲ್ಲವಾ ಎಂದು ತುಂಬ ಜನ ಕೇಳುತ್ತಾರೆ. ಈ ಕ್ಯಾಮೆರಾಗಳ ಫ್ಲ್ಯಾಶ್ ತಲುಪುವುದು ಮೂರು ನಾಲ್ಕು ಮೀಟರ್, ಅಷ್ಟೇ. ಮುಂದಿನ ಸಾಲಿನವರ ಬೋಳುತಲೆ ಬೆಳಗುತ್ತದೆ, ವೇಷ ಕತ್ತಲಲ್ಲೇ ಉಳಿಯುತ್ತದೆ. ಗದ್ದೆಯ ಧೂಳು ಬಿಳಿ ಚೆಂಡುಗಳ ಹಾಗೆ ತೇಲುತ್ತದೆ. ಕುಣಿಯುವವರ ಕಣ್ಣಿಗೆ ಹೊಡೆಯುವುದಂತೂ ತಪ್ಪು. ನಾನು ಅದನ್ನು ಆಫ್ ಮಾಡಿಯೇ ಇಟ್ಟಿರುತ್ತೇನೆ.

ಇನ್ನು ನಿಜವಾದ ಕಷ್ಟ, ಕುಣಿಯುವ ವೇಷ.

ಇದಕ್ಕೆ ಸ್ವಲ್ಪ ಲೆಕ್ಕ ಹಾಕಿದೆ. ಕಲಾವಿದರ ಕೈ ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬೀಸುತ್ತದೆ ಅಂದುಕೊಳ್ಳಿ. ಶಟರ್ 1/30 ಸೆಕೆಂಡ್ ತೆರೆದಿದ್ದರೆ ಅಷ್ಟರೊಳಗೆ ಕೈ 10 ಸೆಂಟಿಮೀಟರ್ ಸರಿದಿರುತ್ತದೆ. ಅದೇ ಬಿಳಿ ಹೊಗೆ. 1/250ಕ್ಕೆ ಇಳಿಸಿದರೆ ಒಂದೂಕಾಲು ಸೆಂಟಿಮೀಟರಿಗೂ ಕಡಿಮೆ. ನನ್ನ ಹಳೆಯ ಫೋಟೋಗಳ ವಿವರ ತೆಗೆದು ನೋಡಿದೆ. ಗ್ಯಾಲರಿಯಲ್ಲಿ ಫೋಟೋವನ್ನು ಮೇಲಕ್ಕೆ ಸರಿಸಿದರೆ ಅಥವಾ ವಿವರ ಅನ್ನುವುದನ್ನು ಒತ್ತಿದರೆ ಸಾಮಾನ್ಯವಾಗಿ ಸಿಗುತ್ತದೆ. ಹೆಚ್ಚಿನವು 1/15, 1/20.

ಹಾಗಾದರೆ 1/250 ಇಡೋಣ ಎಂದು ಎಲ್ಲವನ್ನೂ ನಾವೇ ಹೊಂದಿಸುವ ಫೋನಿನ ಪ್ರೋ ಮೋಡಿಗೆ ಹೋಗಿ, ಐ.ಎಸ್.ಓ. (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಮಾಡಿ, ಇನ್ನೊಂದು ಊರಿನ ಬಯಲಾಟದಲ್ಲಿ ತೆಗೆದೆ. ವೇಷ ನಿಂತಿತು. ಆದರೆ ಫೋಟೋ ತುಂಬ ಅಡ್ಡಡ್ಡ ಕಪ್ಪು ಪಟ್ಟೆ! ಫೋನ್ ಕೆಟ್ಟಿತು ಎಂದೇ ಹೆದರಿದೆ. ಕೆಟ್ಟಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅದರಲ್ಲಿ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಫೋನ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಮಿನುಗಿನ ಕತ್ತಲೆಯೂ ಸಾಲಾಗಿ ಬೀಳುತ್ತದೆ. ಶಟರನ್ನು 1/100ಕ್ಕೆ ಇಟ್ಟರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗಿನ ಬೆಳಕು ಸಿಗುತ್ತದೆ, ಪಟ್ಟೆ ಮಾಯ. ಅಂದಿನಿಂದ ರಂಗಸ್ಥಳದ ಎದುರು ನನ್ನ ಲೆಕ್ಕ 1/100. ಐ.ಎಸ್.ಓ. 800ರಿಂದ 1600. ರವೆ ಚೆಲ್ಲಿದ ಹಾಗೆ ಕಾಳು ಕಾಳು ಬರುತ್ತದೆ, ಬರಲಿ. ಕಾಳಿನ ಫೋಟೋವನ್ನು ಮನೆಯವರು ಆಲ್ಬಮ್ಮಿಗೆ ಹಾಕುತ್ತಾರೆ, ಮಸುಕು ಫೋಟೋವನ್ನು ಹಾಕುವುದಿಲ್ಲ.

ಆದರೆ 1/100ರಲ್ಲಿ ಕೈ ಇನ್ನೂ ಮೂರು ಸೆಂಟಿಮೀಟರ್ ಓಡುತ್ತದೆ. ಅದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ, ಚೆಂಡೆಯಲ್ಲಿದೆ. ಕುಣಿತ ಎಲ್ಲ ಹೊತ್ತೂ ಒಂದೇ ವೇಗದಲ್ಲಿರುವುದಿಲ್ಲ. ಮುಕ್ತಾಯದ ಪೆಟ್ಟು ಬಿದ್ದಾಗ ವೇಷ ಒಂದು ಭಂಗಿಯಲ್ಲಿ ಕಡೆದಿಟ್ಟ ಹಾಗೆ ನಿಲ್ಲುತ್ತದೆ. ಅರೆ ಕ್ಷಣ, ಅಷ್ಟೇ. ಸಣ್ಣಂದಿನಿಂದ ಆಟ ನೋಡಿದ ಕಿವಿಗೆ ಆ ಪೆಟ್ಟು ಬರುವುದು ಮೊದಲೇ ಗೊತ್ತಾಗುತ್ತದೆ. ಇಷ್ಟು ವರ್ಷ ನಾನು ಕಣ್ಣಲ್ಲಿ ನೋಡಿ ಒತ್ತುತ್ತಿದ್ದೆ, ಈಗ ಕಿವಿಯಲ್ಲಿ ಕೇಳಿ ಒತ್ತುತ್ತೇನೆ. ಪುಟ್ಟ ಕ್ಯಾಮೆರಾದಲ್ಲಿ ಬಟನ್ನನ್ನು ಮೊದಲು ಅರ್ಧ ಒತ್ತಬೇಕು. ಹಸಿರು ಚೌಕ ಬಂದು ಕೀಂ ಅನ್ನುತ್ತದೆ, ಫೋಕಸ್ ಕೂತಿತು. ಹಾಗೇ ಹಿಡಿದು ಕಾಯಬೇಕು. ಪೆಟ್ಟು ಬೀಳುವುದಕ್ಕೆ ಕೂದಲೆಳೆಯಷ್ಟು ಮುಂಚೆ ಪೂರ್ತಿ ಒತ್ತಬೇಕು. ಒಮ್ಮೆಲೇ ಪೂರ್ತಿ ಒತ್ತಿದರೆ ಅದು ಫೋಕಸ್ ಹುಡುಕಿ ಮುಗಿಸುವಷ್ಟರಲ್ಲಿ ವೇಷ ರಂಗಸ್ಥಳದ ಆ ಮೂಲೆಯಲ್ಲಿರುತ್ತದೆ. ಫೋನಿನಲ್ಲಿ ಸಾಲಾಗಿ ಹತ್ತು ತೆಗೆಯುವ ಬರ್ಸ್ಟ್ ಇದೆ. ಕೆಲವದರಲ್ಲಿ ಬಟನ್ ಒತ್ತಿ ಹಿಡಿದರೆ, ಕೆಲವದರಲ್ಲಿ ಪಕ್ಕಕ್ಕೆ ಎಳೆದರೆ. ಹತ್ತರಲ್ಲಿ ಒಂದು ಸಿಕ್ಕರೂ ಲಾಭವೇ.

ನೈಟ್ ಮೋಡ್ ಮಾತ್ರ ಇಲ್ಲಿ ಬೇಡ. ಅದು ಒಂದೆರಡು ಸೆಕೆಂಡ್ ತೆಗೆದ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವುದು. ಗೋಪುರಕ್ಕೆ ಚೆಂದ. ಕುಣಿಯುವವರಿಗೆ ಮೂರು ಕೈ ಬರುತ್ತದೆ. ಮಂಡಿ ಹಾಕಿ ತಿರುಗುವ ಕುಣಿತವೂ ನನ್ನ ಸಾಮಾನಿಗೆ ದಕ್ಕುವುದಿಲ್ಲ. ಅಲ್ಲಿ ಕ್ಯಾಮೆರಾ ಕೆಳಗಿಟ್ಟು ಆಟ ನೋಡುತ್ತೇನೆ.

ಫೋಕಸ್ ಪಾಠ ಕಲಿತದ್ದು ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ. ಹಿರಿಯ ಕಲಾವಿದರೊಬ್ಬರು ಸಣ್ಣ ಕನ್ನಡಿ ಹಿಡಿದು ಹುಬ್ಬು ತೀಡುತ್ತಿದ್ದರು. "ಒಂದು ಫೋಟೋ ತೆಗೀಲಾ?" ಎಂದು ಕೇಳಿದೆ. "ತೆಗೀರಿ, ಮೈಗೆ ತಾಗ್ಬೇಡಿ, ಗೆರೆ ಓಡ್ತದೆ" ಅಂದರು. ಹಿಂದೆ ನಿಂತು ಕನ್ನಡಿಯಲ್ಲಿ ಕಾಣುವ ಮುಖ ತೆಗೆದೆ. ಬಂದದ್ದೇನು? ಕನ್ನಡಿಯ ಮೇಲೆ ಅಂಟಿಸಿದ್ದ ಟಿಕ್ಲಿ ಪಳಪಳ, ಮುಖ ಮಸುಕು. ಕನ್ನಡಿ ನನ್ನಿಂದ ಎರಡು ಅಡಿ ದೂರದಲ್ಲಿರಬಹುದು. ಆದರೆ ಅದರೊಳಗಿನ ಮುಖದ ದೂರ ಕನ್ನಡಿಯ ತನಕ ಎರಡು ಅಡಿ, ಅಲ್ಲಿಂದ ಮುಖದ ತನಕ ಇನ್ನೊಂದು ಅಡಿ, ಒಟ್ಟು ಮೂರು. ಫೋನ್ ಹಿಡಿದದ್ದು ಗಾಜಿನ ಮೇಲ್ಮೈಯನ್ನು. ಮತ್ತೆ ಕನ್ನಡಿಯೊಳಗಿನ ಕಣ್ಣಿನ ಮೇಲೆಯೇ ಬೆರಳೊತ್ತಿ ಹಿಡಿದೆ. ಫೋಕಸ್ ಅಲ್ಲಿಗೆ ಲಾಕ್ ಆಯಿತು. ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ತುಸು ಕೆಳಗೆಳೆದೆ, ಬಿಳಿಯಾಗಿ ಉರಿಯುತ್ತಿದ್ದ ಹಣೆಯ ಬಣ್ಣ ಹದಕ್ಕೆ ಬಂತು. ಕಣ್ಣಿನ ಕಾಡಿಗೆ ಎಳೆಯೂ ಬಂತು, ಹುಬ್ಬಿನ ಮೇಲಿನ ಕಡ್ಡಿಯ ತುದಿಯೂ ಬಂತು.

ಇನ್ನೊಂದು, ಬಣ್ಣದ ಮುಖ ದೊಡ್ಡದಾಗಿ ಕಾಣಲಿ ಎಂದು ಫೋನನ್ನು ಮೂಗಿನ ಹತ್ತಿರ ಒಯ್ಯಬಾರದು. ತೀರಾ ಹತ್ತಿರದ್ದು ಅದಕ್ಕೆ ಹಿಡಿಯುವುದಿಲ್ಲ. ಒಂದಡಿ ಹಿಂದೆ ಬಂದು ತೆಗೆದು, ಆಮೇಲೆ ಕತ್ತರಿಸಿಕೊಂಡರೆ ಆಯಿತು.

ಎರಡು ವರ್ಷ ಬಿಟ್ಟು ಮಾವನ ಮನೆಯಲ್ಲಿ ಮತ್ತೆ ಆಟವಾಯಿತು. ಈ ಸಲ ಚಾಪೆ ಮೇಲೆ ಕೂತು ತೆಗೆದದ್ದು 160. ಆರಿಸಿ 38 ಇಟ್ಟುಕೊಂಡು ಅದೇ ಸಂಜೆ ವಾಟ್ಸಾಪಿನಲ್ಲಿ ಕಳಿಸಿದೆ. ರಾತ್ರಿ ಮಾವನ ಫೋನು. "ಸ್ವಲ್ಪ ಮಂಜು ಉಂಟಲ್ಲ ಮಾಣಿ, ಈ ಸಲವೂ?"

ಎದೆ ಧಸಕ್ಕೆಂದಿತು. ನನ್ನ ಫೋನಿನಲ್ಲಿ ನೋಡಿದರೆ ಸರಿಯಾಗಿದೆ. ವಾಟ್ಸಾಪ್ ಕಳಿಸುವಾಗ ಫೋಟೋವನ್ನು ಹಿಂಡಿ ಸಣ್ಣದು ಮಾಡುತ್ತದೆ, ಅದರದ್ದೇ ಇರಬೇಕು ಎಂದು ಅಷ್ಟನ್ನೂ ಡಾಕ್ಯುಮೆಂಟ್ ಮಾಡಿ ಮತ್ತೆ ಕಳಿಸಿದೆ. ಆಗಲೂ ಮಂಜು ಹೋಗಲಿಲ್ಲ. ಭಾನುವಾರ ಹತ್ತು ಪ್ರಿಂಟ್ ಹಾಕಿಸಿಕೊಂಡು ಮನೆಗೇ ಹೋದೆ. ಮಾವ ಜಗಲಿಯಲ್ಲಿ ಕೂತು ಮೊದಲನೆಯದನ್ನು ಕೈಗೆ ತೆಗೆದುಕೊಂಡು ದೂರ ಹಿಡಿದರು, ಹತ್ತಿರ ಹಿಡಿದರು. ಅತ್ತೆ ಒಳಗಿಂದ ಬಂದು ಅವರ ಕನ್ನಡಕ ಕಿತ್ತು, ಸೆರಗಿನಲ್ಲಿ ಒರೆಸಿ ವಾಪಸು ಕೊಟ್ಟರು.

"ಹೋ" ಅಂದರು ಮಾವ, "ಇದು ಚೌಕಿದಾ?"