ಗ್ಲಾಕ್ 19 ಬಿಟ್ಟು ಗ್ಲಾಕ್ 45 ತಗೊಂಡಿದ್ದು ಯಾಕೆ

ನಾವಿರುವುದು ಟೆಕ್ಸಸ್‌ನ ಆಸ್ಟಿನ್ ಹತ್ತಿರ. 2022ರಲ್ಲಿ ಗ್ರೀನ್ ಕಾರ್ಡ್ ಬಂತು, ಮರುವರ್ಷ ಒಂದು ಪಿಸ್ತೂಲು ಕೊಂಡೆ. ಕೊಳ್ಳುವ ಮುಂಚೆ ಎರಡು ತಿಂಗಳು ಗ್ಲಾಕ್ 19 ಮತ್ತು ಗ್ಲಾಕ್ 45ರ ನಡುವೆ ಒದ್ದಾಡಿದ್ದೇನೆ. ಎರಡನ್ನೂ ಪಕ್ಕದಲ್ಲಿಟ್ಟರೆ ಅವಳಿ ಮಕ್ಕಳ ಹಾಗೆ. ಇಲ್ಲಿರುವ ನಮ್ಮವರು ಕೆಲವರು ಇದೇ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಮನೆಯ ಒಬ್ಬ ಸದಸ್ಯ ಇದ್ದ ಹಾಗೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನಮ್ಮ ಆಯುಧಗಳ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ. ಹಾಗಾಗಿ ನನಗೆ ಬಂದೂಕಿನ ಭಯ ಇರಲಿಲ್ಲ. ಆದರೆ ಕೋವಿ ಹಿಡಿದ ಅಭ್ಯಾಸ ಪಿಸ್ತೂಲಿಗೆ ಸಾಲದು ಎಂದು ಮೊದಲ ದಿನವೇ ಗೊತ್ತಾಯಿತು. ಕೋವಿ ಹೆಗಲಿಗೆ ಒರಗುತ್ತದೆ, ನಳಿಗೆ ಉದ್ದ, ಅದು ಎತ್ತ ತಿರುಗಿದರೂ ಎಲ್ಲರಿಗೂ ಕಾಣುತ್ತದೆ. ಪಿಸ್ತೂಲು ಹಾಗಲ್ಲ. ಮಣಿಕಟ್ಟು ಸ್ವಲ್ಪ ತಿರುಗಿದರೆ ಸಾಕು, ನಳಿಗೆಯ ಬಾಯಿ ಪಕ್ಕದವನ ಕಡೆ ಹೋಗಿರುತ್ತದೆ. ಅದಕ್ಕೇ ಮೊದಲು ಒಂದು ದಿನದ ತರಬೇತಿಗೆ ಹೋದೆ, ಹೆಂಡತಿಯನ್ನೂ ಕರೆದುಕೊಂಡು.

ಅದಕ್ಕೂ ಮೊದಲು ಕಾನೂನಿನ ವಿಷಯ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ಇದು ಫೆಡರಲ್ ಕಾನೂನು, ಟೆಕ್ಸಸ್‌ನಲ್ಲಿದ್ದರೂ ಅಷ್ಟೇ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವೀಸಾ ಮೇಲೆ ಇರುವವರು ವಕೀಲರನ್ನು ಕೇಳದೆ ಅದರ ಹಿಂದೆ ಹೋಗಬೇಡಿ. ಒಂದು ತಪ್ಪಿಗೆ ಹತ್ತು ವರ್ಷದ ಕಾಯುವಿಕೆಯೆಲ್ಲ ನೀರುಪಾಲಾಗಬಹುದು. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಅಂಗಡಿಯಿಂದ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು. ಗೆಳೆಯನಿಗೆ ಆಗಲ್ಲ ಅಂತ ಅವನ ದುಡ್ಡಲ್ಲಿ ನೀವು ಕೊಂಡು ಕೊಡುವುದು ದೊಡ್ಡ ಅಪರಾಧ. ಕೊಳ್ಳುವಾಗ ತುಂಬುವ ಫಾರ್ಮಿನಲ್ಲಿ ಆ ಪ್ರಶ್ನೆ ನೇರವಾಗಿಯೇ ಇದೆ.

ಈಗ ಪಿಸ್ತೂಲಿಗೆ ಬರೋಣ. ಗ್ಲಾಕ್ ಆಸ್ಟ್ರಿಯಾದ ಕಂಪನಿ. 1982ರಲ್ಲಿ ಅಲ್ಲಿನ ಸೈನ್ಯ ತಗೊಂಡಿದ್ದು ಗ್ಲಾಕ್ 17. 1988ರಲ್ಲಿ ಅದನ್ನೇ ಸ್ವಲ್ಪ ಕುಗ್ಗಿಸಿ 19 ಮಾಡಿದರು. 45 ತೀರಾ ಈಚಿನದು, 2019ರ ಹೊತ್ತಿಗೆ ಅಂಗಡಿಗೆ ಬಂತು. ಹೆಸರು ನೋಡಿ .45 ಗುಂಡಿನದು ಎಂದುಕೊಳ್ಳಬೇಡಿ, ಎರಡೂ 9 ಎಂಎಂ. ನಾನು ನೋಡಿದ್ದು ಎರಡೂ ಐದನೇ ಪೀಳಿಗೆಯವು. ನಳಿಗೆ ಎರಡರಲ್ಲೂ 102 ಮಿಲಿಮೀಟರ್. ಸ್ಲೈಡ್, ಅಂದರೆ ಮೇಲೆ ಹಿಂದೆಮುಂದೆ ಸರಿಯುವ ಭಾಗ, ಒಂದೇ ಅಳತೆ, ಟ್ರಿಗರ್ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಹಿಡಿಯಲ್ಲಿ ಮಾತ್ರ. 19ರ ಎತ್ತರ 128 ಮಿಲಿಮೀಟರ್, 45ರದ್ದು 139. ಅಂದರೆ 19ರ ಮೇಲ್ಭಾಗಕ್ಕೆ 17ರ ಉದ್ದದ ಹಿಡಿ ಜೋಡಿಸಿದರೆ 45. ಹಿಡಿಯೊಳಗೆ ತೂರಿಸುವ ಗುಂಡಿನ ಪೆಟ್ಟಿಗೆಗೆ, ಅಂದರೆ ಮ್ಯಾಗಜೀನಿಗೆ, 15ರ ಬದಲು 17 ಗುಂಡು.

ಹನ್ನೊಂದು ಮಿಲಿಮೀಟರ್. ನಮ್ಮ ಕಿರುಬೆರಳಿನ ದಪ್ಪಕ್ಕಿಂತ ಕಡಿಮೆ. ಇಷ್ಟಕ್ಕೆ ಏನು ಯೋಚನೆ ಅಂತ ನನಗೂ ಅನ್ನಿಸಿತ್ತು.

ನಮ್ಮ ಮನೆ ಹತ್ತಿರದ ಗುಂಡು ಹೊಡೆಯುವ ರೇಂಜಿನಲ್ಲಿ ಎರಡೂ ಬಾಡಿಗೆಗೆ ಸಿಗುತ್ತಿದ್ದವು. ನಾಲ್ಕು ಶನಿವಾರ ಹೋದೆವು. ಪ್ರತಿ ಸಲ ಒಂದೊಂದರಲ್ಲಿ ಒಂದು ಡಬ್ಬಿ, ಅಂದರೆ 50 ಗುಂಡು. ಒಂದೇ ಕಂಪನಿಯ ಗುಂಡು, ಒಂದೇ ದೂರ, 7 ಗಜ. ಗುರಿಗೆ ಬಿಳಿ ಪೇಪರ್ ಪ್ಲೇಟ್. ಒಳಾಂಗಣ ರೇಂಜಿನಲ್ಲಿ ಶಬ್ದ ಎದೆಗೇ ಬಡಿಯುತ್ತದೆ. ಕಿವಿಯೊಳಗೆ ಸ್ಪಂಜಿನ ಬೆಣೆ, ಅದರ ಮೇಲೆ ಇಯರ್ ಮಫ್, ಎರಡೂ ಹಾಕಿ.

ನಿಧಾನವಾಗಿ ಒಂದೊಂದೇ ಹೊಡೆದಾಗ ಎರಡರ ನಡುವೆ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನಳಿಗೆ ಒಂದೇ ಅಲ್ವಾ, ಕಾಣಬಾರದು ಕೂಡ. ಆದರೆ ಬೇಗ ಬೇಗ ಐದು ಹೊಡೆದಾಗ 19ರಲ್ಲಿ ತೂತುಗಳು ಚದುರುತ್ತಿದ್ದವು. ಯಾಕೆ ಅಂತ ಎರಡನೇ ಶನಿವಾರ ಗೊತ್ತಾಯಿತು. ನನ್ನ ಅಂಗೈ ಅಗಲ. 19 ಹಿಡಿದಾಗ ಕಿರುಬೆರಳು ಹಿಡಿಯ ಅಂಚಿನಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ. ಪ್ರತಿ ಗುಂಡಿಗೂ ಆ ಬೆರಳು ಸ್ವಲ್ಪ ಜಾರುತ್ತಿತ್ತು, ನಾನು ಮತ್ತೆ ಹಿಡಿತ ಸರಿಮಾಡಿಕೊಳ್ಳುತ್ತಿದ್ದೆ. 45ರಲ್ಲಿ ಮೂರು ಬೆರಳೂ ಪೂರ್ತಿ ಕೂರುತ್ತವೆ. ಒಮ್ಮೆ ಹಿಡಿದರೆ ಮ್ಯಾಗಜೀನ್ ಖಾಲಿಯಾಗುವವರೆಗೂ ಅದೇ ಹಿಡಿತ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. 19ರಲ್ಲಿ ಮ್ಯಾಗಜೀನ್ ಬೇಗ ತೂರಿಸಿದಾಗ ನನ್ನ ಅಂಗೈಯ ಬುಡದ ಮಾಂಸ ಹಿಡಿಗೂ ಮ್ಯಾಗಜೀನ್ ತಳಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತು. ಚಿವುಟಿದ ಹಾಗೆ. ಕೈ ತೆಗೆದು ನೋಡಿದರೆ ಕಡಲೆಕಾಳಿನಷ್ಟು ರಕ್ತ ಕಟ್ಟಿತ್ತು. ಮೂರನೇ ಶನಿವಾರ ಮತ್ತೆ ಅದೇ ಜಾಗದಲ್ಲಿ. ನೋವಿನದು ದೊಡ್ಡ ವಿಷಯವಲ್ಲ. ಮಾಂಸ ಸಿಕ್ಕಿಕೊಂಡರೆ ಮ್ಯಾಗಜೀನ್ ಪೂರ್ತಿ ಕೂರುವುದಿಲ್ಲ, ಅದು ದೊಡ್ಡ ವಿಷಯ.

ನನ್ನ ಮಟ್ಟಿಗೆ ತೀರ್ಮಾನ ಆಗಿಹೋಗಿತ್ತು. ಆದರೆ ಇದು ನನ್ನೊಬ್ಬನ ಪಿಸ್ತೂಲು ಅಲ್ಲ. ಹೆಂಡತಿ ಮೈಸೂರಿನವಳು, ಕೈ ಸಣ್ಣದು. ಅವಳಿಗೆ 19 ಸರಿ ಅಂತ ಅಂಗಡಿಯವನೂ ಹೇಳಿದ, ನನ್ನ ಗೆಳೆಯನೂ ಹೇಳಿದ. ನಾನೂ ಹಾಗೇ ಅಂದುಕೊಂಡಿದ್ದೆ. ಅವಳು ಎರಡನ್ನೂ ಹಿಡಿದು ನೋಡಿ, "ನೋಡಿ, ಟ್ರಿಗರ್‌ಗೆ ನನ್ನ ಬೆರಳು ಎರಡರಲ್ಲೂ ಒಂದೇ ಥರ ಮುಟ್ಟುತ್ತೆ. ಇದು ಹೇಗೆ ದೊಡ್ಡದು?" ಅಂದಳು. ಅವಳ ಮಾತು ಸರಿ. ಹಿಡಿ ಉದ್ದವಾಗಿದೆ, ದಪ್ಪವಾಗಿಲ್ಲ. ಸಣ್ಣ ಕೈಗೆ ತೊಂದರೆ ಕೊಡುವುದು ಹಿಡಿಯ ಸುತ್ತಳತೆ ಮತ್ತು ಟ್ರಿಗರ್‌ವರೆಗಿನ ದೂರ. ಅದು ಎರಡರಲ್ಲೂ ಒಂದೇ. ಬಾಡಿಗೆಯ 45ಕ್ಕೆ ಹಿಂದುಗಡೆ ಒಂದು ಹೆಚ್ಚುವರಿ ಕವಚ ಹಾಕಿದ್ದರು, ಅದನ್ನು ತೆಗೆಸಿದ ಮೇಲೆ ಅವಳ ಬೆರಳು ಇನ್ನೂ ಚೆನ್ನಾಗಿ ಕೂತಿತು. ಹೊಸದು ಕೊಂಡರೆ ಈ ಕವಚಗಳು ಡಬ್ಬಿಯಲ್ಲೇ ಬರುತ್ತವೆ. ಯಾವುದೂ ಹಾಕದಿದ್ದಾಗಲೇ ಹಿಡಿ ಅತಿ ಸಣ್ಣದು.

ಅವಳಿಗೆ ನಿಜವಾಗಿ ಕಷ್ಟವಾಗಿದ್ದು ಸ್ಲೈಡ್ ಎಳೆಯುವುದು. ತರಬೇತಿಯಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು. ಸ್ಲೈಡನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಬಾಯಿ ಮಾತ್ರ ಗುರಿಯ ಕಡೆಯೇ ಇರಬೇಕು. ತಳ್ಳಲು ಉದ್ದದ ಹಿಡಿಯಲ್ಲಿ ಅವಳ ಅಂಗೈ ಪೂರ್ತಿ ಸಿಗುತ್ತಿತ್ತು. 45ರಲ್ಲಿ ಹತ್ತಕ್ಕೆ ಹತ್ತು ಸಲ ಎಳೆದಳು. 19ರಲ್ಲಿ ಎರಡು ಮೂರು ಸಲ ಅರ್ಧಕ್ಕೆ ನಿಂತಿತು. ಸ್ಪ್ರಿಂಗ್ ಎರಡರದ್ದೂ ಒಂದೇ, ನೆನಪಿರಲಿ.

ಹಾಗಾದರೆ 19 ಯಾರಿಗೆ? ಸೊಂಟದಲ್ಲಿ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವವರಿಗೆ. ಅಂಗಿಯ ಮೇಲೆ ಉಬ್ಬು ಕಾಣಿಸುವುದು ಹಿಡಿಯಿಂದ, ನಳಿಗೆಯಿಂದ ಅಲ್ಲ. ಆ ಹನ್ನೊಂದು ಮಿಲಿಮೀಟರ್ ಅಲ್ಲಿ ತುಂಬಾ ಜಾಸ್ತಿ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ದಾಟಿದ, ಬೇರೆ ನಿಷೇಧ ಇಲ್ಲದ ಜನ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರ್ಮಿಟ್ ಬೇಕಿಲ್ಲ. ನನಗೆ ಆ ಉದ್ದೇಶ ಇರಲಿಲ್ಲ, ಈಗಲೂ ಇಲ್ಲ. ನನ್ನದು ಮನೆಗೆ ಮತ್ತು ರೇಂಜಿಗೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆ ಇರುವವರಿಗೆ 15, 17ರ ಲೆಕ್ಕವೂ ಇಲ್ಲ, ಅಲ್ಲಿ ಮ್ಯಾಗಜೀನಿಗೆ 10 ಗುಂಡೇ ಮಿತಿ.

ಮ್ಯಾಗಜೀನ್ ವಿಷಯದಲ್ಲಿ ಒಂದು ಎಚ್ಚರಿಕೆ. 45ರ ಮ್ಯಾಗಜೀನ್ 19ಕ್ಕೆ ಹೋಗುತ್ತದೆ, ಕೆಳಗೆ ಸ್ವಲ್ಪ ಇಣುಕುತ್ತದೆ ಅಷ್ಟೇ. 19ರ ಮ್ಯಾಗಜೀನ್ 45ರಲ್ಲಿ ಕೂರುವುದಿಲ್ಲ, ಉದ್ದ ಸಾಲದು. ರಿಯಾಯಿತಿ ಇದೆ ಅಂತ ನಾನು ಮುಂಚೆಯೇ 15 ಗುಂಡಿನವು ಎರಡು ಕೊಂಡಿದ್ದೆ. ಅವು ಈಗ ಗೆಳೆಯನ ಮನೆಯಲ್ಲಿವೆ.

ಕೊಳ್ಳುವ ದಿನ ಅಂಗಡಿಯಿಂದ ವಾಪಸ್ ಬರಬೇಕಾಯಿತು. ನಾವು ಆಗಷ್ಟೇ ಮನೆ ಬದಲಾಯಿಸಿದ್ದೆವು, ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೇ ವಿಳಾಸ. ಈಗಿನ ವಿಳಾಸ ಇರುವ ಸರ್ಕಾರಿ ದಾಖಲೆ ಬೇಕೇ ಬೇಕು. ಅದು ಸರಿಯಾದ ಮೇಲೆ ಮತ್ತೆ ಹೋಗಿ 4473 ಎಂಬ ಫಾರ್ಮ್ ತುಂಬಿದೆ. ಗ್ರೀನ್ ಕಾರ್ಡಿನ ನಂಬರ್ ಅದರಲ್ಲೇ ಬರೆಯಬೇಕು. ಎಫ್‌ಬಿಐ ಮಾಡುವ ಹಿನ್ನೆಲೆ ತಪಾಸಣೆಯಲ್ಲಿ ನನಗೆ ತಕ್ಷಣ ಒಪ್ಪಿಗೆ ಬರಲಿಲ್ಲ, 'ಡಿಲೇಡ್' ಅಂತ ಬಂತು. ಗಾಬರಿ ಬೇಡ, ಅದು ತಿರಸ್ಕಾರ ಅಲ್ಲ. ಎರಡು ದಿನ ಬಿಟ್ಟು ಅಂಗಡಿಯಿಂದ ಫೋನ್ ಬಂತು.

ಮಗನಿಗೆ ಆಗ ಆರು ವರ್ಷ. ಪಿಸ್ತೂಲು ಮನೆಗೆ ಬರುವ ಮುಂಚೆ ಲಾಕರ್ ಬಂದಿತ್ತು, ಬೀರುವಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದೆ. ಗುಂಡು ಬೇರೆ ಕಡೆ, ಬೇರೆ ಬೀಗ. ಟೆಕ್ಸಸ್‌ನಲ್ಲಿ 17ರ ಕೆಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಅಜಾಗರೂಕತೆಯಿಂದ ಇಡುವುದು ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಹೀಗೇ ಇಡುತ್ತಿದ್ದೆ. ಊರಿನಲ್ಲಿ ಅಪ್ಪನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೂ "ಬೀಗದ ಕೈ ಯಾರ ಹತ್ತಿರ ಇದೆ?"

ರೇಂಜಿನಿಂದ ಬಂದ ದಿನ ರಾತ್ರಿ ಮಗ ಮಲಗಿದ ಮೇಲೆ ಇಬ್ಬರೂ ಕೂತು ಸ್ವಚ್ಛ ಮಾಡುತ್ತೇವೆ. ಗ್ಲಾಕ್ ಬಿಚ್ಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು, ಅದರ ರಚನೆಯೇ ಹಾಗೆ. ಒಳಗೆ ಒಂದು ಗುಂಡು ಉಳಿದಿದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಆ ಕೋಣೆಯಲ್ಲಿ ಗುಂಡಿನ ಡಬ್ಬಿ ಇರುವುದಿಲ್ಲ. ಮ್ಯಾಗಜೀನ್ ತೆಗೆಯುತ್ತೇನೆ. ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸುತ್ತೇನೆ. ದೀಪದ ಕೆಳಗೆ ಹಿಡಿದು ಒಳಗೆ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ ಅವಳಿಗೆ ಕೊಡುತ್ತೇನೆ. ಅವಳೂ ನೋಡುತ್ತಾಳೆ, ಅವಳೂ ಬೆರಳು ಹಾಕುತ್ತಾಳೆ. "ಖಾಲಿ" ಅಂತ ಬಾಯಿಬಿಟ್ಟು ಹೇಳಿ ವಾಪಸ್ ಕೊಟ್ಟ ಮೇಲೆ, ಇಟ್ಟಿಗೆ ಗೋಡೆಯ ಕಡೆ ಬಾಯಿ ಮಾಡಿ ಟ್ರಿಗರ್ ಒತ್ತುತ್ತೇನೆ.