ನಾಡಿ ಇಳಿದ ಮೇಲೆ ಹತ್ತಿದ ಇಂದ್ರಹಾರ್

ಹಿಮಾಚಲದ ಧರ್ಮಶಾಲಾ ಬಳಿಯ ಮೆಕ್‌ಲಿಯೋಡ್ ಗಂಜ್‌ನಲ್ಲಿ ಒಂದು ಕೋಣೆ ಹಿಡಿದು, 9 ದಿನ ಅಲ್ಲಿಂದಲೇ ಹತ್ತಿ ಇಳಿದು, ಕೊನೆಗೆ ಸುಮಾರು 4,340 ಮೀಟರ್ ಎತ್ತರದ ಇಂದ್ರಹಾರ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) ಮುಟ್ಟುತ್ತೇನೆ ಎಂದಾಗ ನಮ್ಮ ಚಾರಣ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. 4 ದಿನದ ದಾರಿಗೆ 9 ದಿನ ಕಳೆಯುವುದು ದಂಡವೆಂದೂ, 52ರ ವಯಸ್ಸಿನಲ್ಲಿ ದಿನವೂ ಹತ್ತಿಳಿದರೆ ಮೊಣಕಾಲು ಉಳಿಯದೆಂದೂ ಹೇಳಿದರು. ಕಳೆದ ಅಕ್ಟೋಬರ್‌ನಲ್ಲಿ ಮುಟ್ಟಿ ಬಂದೆ. ಮೊಣಕಾಲು ಚೆನ್ನಾಗಿಯೇ ಇದೆ.

ಅದಕ್ಕೂ ಮೊದಲು ಎರಡು ಸಲ ಸೋತಿದ್ದೆ. ಮೊದಲ ಸಲ ದೆಹಲಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ನಿದ್ದೆಗೆಟ್ಟ ಮೈಯಲ್ಲೇ 14 ಕಿಲೋ ಚೀಲ ಹೊತ್ತು ಅದೇ ದಿನ ಪಾಸ್ ದಾರಿಯ ಮೊದಲ ತಂಗುದಾಣ ತ್ರಿಯುಂಡ್ ಹತ್ತಿದೆ. ಮರುದಿನ ಅದಕ್ಕೂ ಮೇಲಿನ ಲಾಕಾ ಗೋಟ್ ದಾಟುವಷ್ಟರಲ್ಲಿ ತಲೆ ಸಿಡಿಯತೊಡಗಿ, ವಾಂತಿಯಾಗಿ, ಹಿಂದಿರುಗಬೇಕಾಯಿತು. ಏರ್ಪಾಡು ಮಾಡಿದ್ದ ಸಂಸ್ಥೆಗೆ ಕಟ್ಟಿದ್ದ 9 ಸಾವಿರದಲ್ಲಿ ಒಂದು ರೂಪಾಯಿಯೂ ಮರಳಲಿಲ್ಲ. ಎರಡನೆಯ ಸಲ ಜೂನ್ ಆರಂಭದಲ್ಲಿ ಹೋದೆ. ಪಾಸ್‌ಗೆ ಮೊದಲಿನ ಕೊನೆಯ ತಂಗುದಾಣವಾದ ಲಾಹೇಶ್ ಗುಹೆಯಿಂದ ಮೇಲಕ್ಕೆ ಹಿಮ ಇನ್ನೂ ಗಟ್ಟಿಯಾಗಿತ್ತು, ಮಧ್ಯಾಹ್ನ ಆಲಿಕಲ್ಲು ಸುರಿಯಿತು. ಮತ್ತೆ 7 ಸಾವಿರ ಹೋಯಿತು.

ಮೂರನೆಯ ಸಲ ನಾನು ನಂಬಿದ್ದು ನಾಡಿಯನ್ನು: ಹೊಸ ಎತ್ತರದಲ್ಲಿ ಅದು ಏರುತ್ತದೆ, ಮೈ ಒಗ್ಗಿದಂತೆ ಇಳಿಯುತ್ತದೆ. ಊರಿನಲ್ಲಿ ಬೆಳಿಗ್ಗೆ ಹಾಸಿಗೆಯಲ್ಲಿ ಎಣಿಸಿದರೆ ನಿಮಿಷಕ್ಕೆ 62ರ ಆಸುಪಾಸು ಇರುತ್ತದೆ. ಮೆಕ್‌ಲಿಯೋಡ್ ಗಂಜ್ ಸುಮಾರು 2,000 ಮೀಟರ್ ಎತ್ತರದಲ್ಲಿದೆ ಅಷ್ಟೆ, ಆದರೂ ಪ್ರಯಾಣದ ದಣಿವೂ ಸೇರಿ ಮೊದಲ ಬೆಳಿಗ್ಗೆ 84 ಇತ್ತು. 70ಕ್ಕಿಂತ ಕೆಳಗೆ ಬಾರದೆ, ತಲೆನೋವು ಪೂರ್ತಿ ಬಿಡದೆ ಮುಂದಿನ ಎತ್ತರಕ್ಕೆ ಹೋಗಬಾರದೆಂದು ನಿಶ್ಚಯಿಸಿದೆ. ಭಾಗ್ಸು ಜಲಪಾತ, ಮರುದಿನ ಗಲ್ಲು ದೇವಿಯ ಗುಡಿ, ಆಮೇಲೆ ತ್ರಿಯುಂಡ್, ಒಂದು ದಿನ ಪೂರ್ತಿ ವಿಶ್ರಾಂತಿ, ಅನಂತರ ಲಾಕಾ ಗೋಟ್‌ವರೆಗೆ ಹೋಗಿ ಕತ್ತಲಾಗುವ ಮೊದಲು ವಾಪಸು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸಾಮಾನು ಮೇಲೆ ಸಾಗಿಸಿ ತ್ರಿಯುಂಡ್‌ನ ಚಹಾದಂಗಡಿಯಲ್ಲಿ ಇಟ್ಟು ಬಂದದ್ದರಿಂದ, ಕೊನೆಯ ಬಾರಿ ಅಲ್ಲಿಯವರೆಗೆ ಹೆಗಲ ಮೇಲೆ 5 ಕಿಲೋ ಮಾತ್ರ ಇತ್ತು. ಅಂಗಡಿಯವರನ್ನು ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ.

ಈ ನಡುವೆ ಆಹಾರದ ಒಂದು ಪ್ರಯೋಗವನ್ನೂ ಮಾಡಿದೆ. ಒಂದು ದಿನ ಅಂಗಡಿಯ ಚಾಕೊಲೇಟ್ ಪಟ್ಟಿ, ಇನ್ನೊಂದು ದಿನ ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು. ಚಾಕೊಲೇಟ್ ತಿಂದ ದಿನ ಎರಡು ಗಂಟೆಯೊಳಗೆ ಮತ್ತೆ ಹಸಿವಾಯಿತು. ಹುರಿಹಿಟ್ಟು ಮಧ್ಯಾಹ್ನದವರೆಗೆ ಹಿಡಿದು ನಿಲ್ಲಿಸಿತು, ಆದರೆ ನೀರು ಹೆಚ್ಚು ಬೇಡುತ್ತದೆ. ತ್ರಿಯುಂಡ್‌ನಲ್ಲಿ ನೀರಿನದೇ ತಾಪತ್ರಯವಾದ್ದರಿಂದ ಅದನ್ನು ಕೆಳಗೇ ಕಲಸಿ ಉಂಡೆ ಕಟ್ಟಿಕೊಂಡು ಹೋದೆ.

ಕೊನೆಯ 3 ದಿನಗಳಿಗೆ ಗದ್ದಿ ಕುರಿಗಾಹಿಗಳ ಮನೆತನದ ಒಬ್ಬ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಂಡೆ. ಲಾಹೇಶ್ ಗುಹೆಯೆಂದರೆ ಬಂಡೆಯ ಚಾಚಿನ ಕೆಳಗಿನ ತಗ್ಗು ಜಾಗ. ಕೂತರೆ ತಲೆ ತಾಗುತ್ತದೆ, ಗೋಡೆಯೆಲ್ಲ ಹೊಗೆ ಹಿಡಿದಿದೆ. ಅಲ್ಲಿಂದ ನಸುಕಿನ ಮೂರೂವರೆಗೆ ಹೊರಟೆವು. ಈ ಧೌಲಾಧಾರ ಪರ್ವತಸಾಲಿನಲ್ಲಿ ಮಧ್ಯಾಹ್ನಕ್ಕೆ ಮೋಡ ಕವಿಯುವುದರಿಂದ ಈ ಹೊತ್ತನ್ನು ತಪ್ಪಿಸುವಂತಿಲ್ಲ. ಗುಂಡುಬಂಡೆಗಳ ರಾಶಿಯನ್ನು ನೇರವಾಗಿ ಹತ್ತದೆ ಆತ ಒಂದು ಕಡೆಯಿಂದ ಬಳಸಿ ಕರೆದೊಯ್ದ. ಆ ತಿರುವು ಅವನ ಅನ್ನದ ದಾರಿ, ಅದನ್ನೂ ಹೇಳಲಾರೆ. ಎಂಟೂವರೆಗೆ ಪಾಸ್ ಮೇಲಿದ್ದೆವು. ಆಚೆ ಚಂಬಾ ಕಡೆಯ ಸಾಲುಗಳು ನಿಚ್ಚಳವಾಗಿ ಕಂಡವು, ಮಣಿಮಹೇಶ ಕೈಲಾಸ ಶಿಖರವನ್ನು ಆತನೇ ಬೆರಳು ಮಾಡಿ ತೋರಿಸಿದ. ಮರುದಿನ ಬೆಳಿಗ್ಗೆ ಗುಹೆಯಲ್ಲೇ ಎಣಿಸಿದಾಗ ನಾಡಿ 68 ಇತ್ತು.

ನೆನಪಿರುವಂತೆ ಕೋಣೆಗೆ 5 ಸಾವಿರ, ಮಾರ್ಗದರ್ಶಿಗೆ 6 ಸಾವಿರ, ಊಟಕ್ಕೆ 3 ಸಾವಿರ ಖರ್ಚಾಯಿತು. ಒಂದು ಸಲದ ಲೆಕ್ಕದಲ್ಲಿ ಇದು ದುಬಾರಿಯೇ ಸರಿ, ಆದರೆ ಹಿಂದಿನ ಎರಡು ಸೋಲಿಗೆ ತೆತ್ತದ್ದು 16 ಸಾವಿರ. ಬರುವ ಸೆಪ್ಟೆಂಬರ್ ಕೊನೆಗೆ ಇದೇ ಕ್ರಮದಲ್ಲಿ ಕರೇರಿ ಸರೋವರದ ಮೇಲಿನ ಮಿಂಕಿಯಾನಿ ಪಾಸ್‌ಗೆ ಹೊರಟಿದ್ದೇನೆ; ಅಂದು ಆಕ್ಷೇಪಿಸಿದವರಲ್ಲಿ ಇಬ್ಬರು ಈಗಿನಿಂದಲೇ ಬೆಳಿಗ್ಗೆ ನಾಡಿ ಎಣಿಸಿ ಬರೆದಿಡುತ್ತಿದ್ದಾರೆ.