ಸಾಣಾಪುರದಲ್ಲಿ ಮೂರು ದಿನದ ಮದುವೆ: ನಾವು ಹೀಗೆ ಮಾಡಿದೆವು

ತಂಗಿಯ ಮದುವೆಯನ್ನು ಗಂಗಾವತಿ ಹತ್ತಿರ, ಸಾಣಾಪುರದ ಒಂದು ರೆಸಾರ್ಟಿನಲ್ಲಿ ಮಾಡಿದೆವು. ಮೊದಲು ತಿಂಗಳು ನೋಡಿ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ಬಿಸಿಲು. ಧನುರ್ಮಾಸ ಬಿಟ್ಟು ನವೆಂಬರ್‌ನಿಂದ ಫೆಬ್ರವರಿ ಒಳಗೆ ಮುಹೂರ್ತ ಹಿಡಿಯಿರಿ. ಆಗ ಪಕ್ಕದ ಹಂಪಿಗೆ ಬರುವವರೂ ಜಾಸ್ತಿ, ರೂಮುಗಳನ್ನು ತಿಂಗಳುಗಟ್ಟಲೆ ಮುಂಚೆ ಹಿಡಿದಿಡಿ.

ಬೆಂಗಳೂರಿನ ನೆಂಟರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುತ್ತಾರೆ. ಸ್ಟೇಷನ್ನಿಗೆ ಗಾಡಿ ಕಳಿಸಿ, ಜೊತೆಗೆ ಮನೆಯವರೊಬ್ಬರು ಹೋಗಲಿ. ಡ್ರೈವರ್ ಒಬ್ಬನೇ ಹೋದರೆ ಹಿರಿಯರಿಗೆ ಬೇಜಾರಾಗುತ್ತದೆ, ಅಲ್ವಾ?

ಮೊದಲ ದಿನ ಅರಿಶಿನ, ಸುರಗಿ ಅನ್ನುವ ಸ್ನಾನದ ಶಾಸ್ತ್ರ. ಇದಕ್ಕೆ ಬಯಲೇ ಬೇಕು. ಡೆಕೋರೇಷನ್‌ನವರು ಬಿಳಿ ಕಾರ್ಪೆಟ್ ಹಾಸಿಬಿಟ್ಟಿದ್ದರು. ಅಜ್ಜಿ ಅದನ್ನು ಸುತ್ತಿಸಿ ತೆಗೆಸಿದರು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನಡುಗುವ ಕೈಯಲ್ಲೇ ನೂಲು ಸುತ್ತಿದರು. ನೀರು ಸುರಿದಾಗ ತಂಗಿ ಅಮ್ಮನ ಸೆರಗು ಹಿಡಿದುಕೊಂಡಳು. ಆ ಹೊತ್ತಿಗೆ ಡಿಜೆ ಬೇಡ, ಹಾಡು ಹೇಳುವ ಹೆಂಗಸರನ್ನು ಕರೆಸಿ.

ಅಡುಗೆಗೆ ಕೈ ಬಿಚ್ಚಿ ಖರ್ಚು ಮಾಡಿ. ನಾವು ಆರು ಒಲೆ ಹೂಡಿಸಿ, ಜೋಳದ ರೊಟ್ಟಿ ಅಲ್ಲೇ ತಟ್ಟಿಸಿದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಪಕ್ಕದ ಇಟಾಲಿಯನ್ ಕೌಂಟರಿಗೆ ಮಕ್ಕಳು ಮಾತ್ರ ಹೋದರು. ಅಕ್ಕಿ ಗಂಗಾವತಿಯ ಸೋನಾ ಮಸೂರಿಯೇ ಇರಲಿ.

ಉಡುಗೊರೆಗೆ ಕೊಪ್ಪಳ ಹತ್ತಿರದ ಕಿನ್ನಾಳದ ಮರದ ಗೊಂಬೆ ಕೊಡಿ. ಕೈಯಲ್ಲೇ ಮಾಡಿ ಬಣ್ಣ ಹಚ್ಚುವ ಕೆಲಸ, ಅವಸರ ಮಾಡಿದರೆ ಆಗಲ್ಲ. ಮುಹೂರ್ತ ಗೊತ್ತಾದ ವಾರವೇ ಗೊಂಬೆ ಮಾಡುವವರಿಗೆ ಹೇಳಿಬಿಡಿ, ಅರ್ಧ ದುಡ್ಡು ಮುಂಗಡ ಕೊಡಿ.